ಗೂಗಲ್ ಫೋಟೋಸ್ ಜಾಗ ತುಂಬಿದೆ ಅಂತಿದೆ. ದುಡ್ಡು ಕಟ್ಟಬೇಕಾ, ಬೇರೆ ಫ್ರೀ ಆಪ್ ಹುಡುಕಬೇಕಾ?

ಮೊದಲು ಎಷ್ಟು ಬೇಕಾದರೂ ಹಾಕಿ ಅಂದಿದ್ದ ಗೂಗಲ್ ಫೋಟೋಸ್ ಈಗ 15 ಜಿಬಿ ಮುಗೀತು, ದುಡ್ಡು ಕಟ್ಟಿ ಅನ್ನುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬೇರೆ ಫ್ರೀ ಆಪ್‌ಗೆ ಎಲ್ಲವನ್ನೂ ಸಾಗಿಸುವ ಯೋಚನೆಯೂ ಇದೆ ಅಂದಿದ್ದೀರಿ.

ಏನೇ ಮಾಡಿ, ಹಳೇ ಫೋಟೋ ಅಳಿಸೋಕೆ ಮಾತ್ರ ಕೂರಬೇಡಿ. ನಾನು ಕೂತು ಕೆಟ್ಟಿದ್ದೇನೆ.

ಹೋದ ದಸರಾ ರಜೆಗೆ ಊರಿಗೆ ಹೋಗಿದ್ದಾಗ ಅಮ್ಮನ ಫೋನಿನಲ್ಲೂ ಇದೇ ಗೋಳು. ಮಧ್ಯಾಹ್ನ ಊಟ ಮುಗಿಸಿ ಜಗಲಿ ಮೇಲೆ ಕೂತೆ. 2018ರ ತಂಗಿ ಮದುವೆ ಫೋಟೋಗಳಿಂದ ಶುರು. ಒಂದೇ ತರದ್ದು ನಾಲ್ಕಿದ್ದರೆ ಮೂರು ಅಳಿಸು. ಕಣ್ಣು ಮುಚ್ಚಿದ್ದು ಅಳಿಸು. ಛತ್ರದ ಪಂಕ್ತಿ ಊಟದ್ದು ಯಾರಿಗೆ ಬೇಕು, ಅಳಿಸು. ಎರಡು ಗಂಟೆಯಲ್ಲಿ ಆರುನೂರು ಫೋಟೋ ಎತ್ತಿಬಿಟ್ಟೆ. ಆಮೇಲೆ ಲೆಕ್ಕ ನೋಡಿದರೆ ಜಾಗ ಒಂದಿಷ್ಟೂ ಖಾಲಿ ಆಗಿಲ್ಲ! ಅಷ್ಟರಲ್ಲಿ ಅಮ್ಮ ಕಾಫಿ ತಂದರು. "ಆ ಪಂಕ್ತೀಲಿ ನಿಮ್ಮಜ್ಜಿ ಕೂತಿದ್ರು ಕಣೋ. ಅವರು ನಗ್ತಾ ಇರೋ ಫೋಟೋ ಅಂತ ಇದ್ದಿದ್ದೇ ಅದೊಂದು" ಅಂದರು. ಪುಣ್ಯಕ್ಕೆ, ಬ್ಯಾಕಪ್ ಆಗಿರುವ ಫೋಟೋ ಅಳಿಸಿದರೂ 60 ದಿನ ಟ್ರ್ಯಾಶ್‌ನಲ್ಲಿ ಉಳಿದಿರುತ್ತದೆ. ಆರುನೂರನ್ನೂ ವಾಪಸ್ ತಂದು ಕೂರಿಸಿದೆ.

ಜಾಗ ಯಾಕೆ ಖಾಲಿ ಆಗಲಿಲ್ಲ ಅಂದರೆ, ಆ ಫೋಟೋಗಳು ಲೆಕ್ಕದಲ್ಲೇ ಇರಲಿಲ್ಲ. ಗೂಗಲ್ ಫೋಟೋಸ್ ಶುರುವಾಗಿದ್ದು 2015ರ ಮೇ ತಿಂಗಳಲ್ಲಿ. ಸ್ವಲ್ಪ ಕುಗ್ಗಿಸಿದ 'ಹೈ ಕ್ವಾಲಿಟಿ'ಯಲ್ಲಿ ಇಟ್ಟರೆ ಎಷ್ಟು ಫೋಟೋ ಹಾಕಿದರೂ ಆಗ ಫ್ರೀ. ಇದನ್ನು ನಿಲ್ಲಿಸುತ್ತೇವೆ ಅಂತ 2020ರ ನವೆಂಬರ್‌ನಲ್ಲಿ ಹೇಳಿದರು. 2021ರ ಜೂನ್ 1ರಿಂದ ಹಾಕಿದ್ದೆಲ್ಲ 15 ಜಿಬಿ ಲೆಕ್ಕಕ್ಕೆ ಬರತೊಡಗಿತು. ಅದಕ್ಕೂ ಮೊದಲು ಹೈ ಕ್ವಾಲಿಟಿಯಲ್ಲಿ ಹಾಕಿದ್ದು ಇವತ್ತಿಗೂ ಲೆಕ್ಕಕ್ಕಿಲ್ಲ. ಅಂದರೆ ನಿಮ್ಮ 2018ರ ಫೋಟೋ ಅಳಿಸಿದರೆ ಫೋಟೋ ಹೋಗುತ್ತದೆ, ಜಾಗ ಬರುವುದಿಲ್ಲ. 'ಒರಿಜಿನಲ್ ಕ್ವಾಲಿಟಿ'ಯಲ್ಲಿ ಹಾಕಿದ್ದರೆ ಮಾತ್ರ ಅವು ಮೊದಲಿಂದಲೂ ಜಾಗ ತಿನ್ನುತ್ತಿವೆ.

ಹಾಗಾದರೆ ತುಂಬಿಸಿದ್ದು ಏನು? ಈ 15 ಜಿಬಿ ಫೋಟೋಗೆ ಮಾತ್ರ ಅಲ್ಲ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ಒಂದೇ ಬಾವಿಗೆ ಮೂರು ಪಂಪ್ ಹಾಕಿದ ಹಾಗೆ. ಮೇಲಾಗಿ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ. 2018ರಿಂದ ಅದಕ್ಕೆ ವಿನಾಯಿತಿ ಇತ್ತು, 2024ರಲ್ಲಿ ಅದೂ ಹೋಯಿತು. ಅಮ್ಮನ ಖಾತೆಯಲ್ಲಿ ಆರು ಜಿಬಿ ಬರೀ ವಾಟ್ಸಾಪ್ ಬ್ಯಾಕಪ್ಪೇ ಇತ್ತು.

ಉಳಿದಿದ್ದರಲ್ಲಿ ಬಹುಪಾಲು ಶುಭೋದಯ! ಸುಮ್ನೆ ಹೇಳುತ್ತಿಲ್ಲ. ಗುಲಾಬಿ ಹೂವಿನ ಪಕ್ಕ ಹಬೆಯಾಡುವ ಕಾಫಿ ಕಪ್ಪು, ಮೂಲೆಯಲ್ಲಿ ರಾಯರ ಫೋಟೋ, ಕೆಳಗೆ "ಶುಭ ಗುರುವಾರ". ಅದೇ ಚಿತ್ರ ಮೂರು ಗುಂಪಿನಿಂದ ಮೂರು ಸಲ. ಯಾವಾಗಲೋ ಆಪ್ ಕೇಳಿದಾಗ ಅಮ್ಮ ವಾಟ್ಸಾಪ್ ಫೋಲ್ಡರ್‌ಗೂ ಬ್ಯಾಕಪ್ ಆನ್ ಮಾಡಿಬಿಟ್ಟಿದ್ದರು. ಜೊತೆಗೆ ಒಂದು ವಿಡಿಯೋ, ನಲವತ್ತು ನಿಮಿಷದ್ದು. ರೆಕಾರ್ಡ್ ಆನ್ ಆಗಿದ್ದು ಗೊತ್ತಿಲ್ಲದೆ ಫೋನನ್ನು ಬ್ಯಾಗಿಗೆ ಹಾಕಿಕೊಂಡು ಸಂತೆಗೆ ಹೋಗಿದ್ದಾರೆ. ಪರದೆ ಪೂರ್ತಿ ಕತ್ತಲೆ, ಒಳಗಿಂದ ಸೊಪ್ಪಿನ ಚೌಕಾಸಿ ಕೇಳುತ್ತದೆ.

ನೀವೂ ಮೊದಲು ಇಲ್ಲೇ ನೋಡಿ. ಫೋಟೋಸ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಒಳಗೆ ಯಾವ ಫೋಲ್ಡರ್‌ಗಳು ಆನ್ ಇವೆ ನೋಡಿ, ಕ್ಯಾಮೆರಾ ಬಿಟ್ಟು ಉಳಿದದ್ದು ಆಫ್ ಮಾಡಿ. ವಾಟ್ಸಾಪ್‌ನ ಚಾಟ್ ಬ್ಯಾಕಪ್‌ನಲ್ಲಿ ವಿಡಿಯೋ ಸೇರಿಸುವುದನ್ನು ನಿಲ್ಲಿಸಿ. ಅಲ್ಲೇ ಫೋಟೋಸ್‌ನಲ್ಲಿ 'ಮ್ಯಾನೇಜ್ ಸ್ಟೋರೇಜ್' ಅಂತ ಇದೆ, ದೊಡ್ಡ ವಿಡಿಯೋ, ಸ್ಕ್ರೀನ್‌ಶಾಟ್, ಮಸುಕಾದ ಫೋಟೋಗಳನ್ನು ಅದೇ ಬೇರೆ ಮಾಡಿ ತೋರಿಸುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಬ್ಯಾಕಪ್ ಆದ ಫೋಟೋವನ್ನು ಆ ಆಪ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. "ಆನ್‌ಲೈನ್‌ನದ್ದು ಅಳಿಸಿದೆ, ಫೋನಲ್ಲಿ ಇರುತ್ತಲ್ಲ" ಅಂದುಕೊಂಡು ಕಳೆದುಕೊಂಡವರು ಜಾಸ್ತಿ.

ತುಂಬಿದ್ದು ತುಂಬಿರಲಿ ಅಂತ ಬಿಡುವ ಹಾಗೂ ಇಲ್ಲ. ಜಿಮೇಲ್‌ಗೆ ಮೇಲ್ ಬರುವುದೇ ನಿಂತುಹೋಗುತ್ತದೆ. ಎರಡು ವರ್ಷ ಮಿತಿ ದಾಟಿದ ಹಾಗೇ ಇದ್ದರೆ ಇರುವುದನ್ನೂ ಅಳಿಸಬಹುದು ಅಂತ ನಿಯಮದಲ್ಲೇ ಬರೆದಿದ್ದಾರೆ.

ಇನ್ನು ಬೇರೆ ಫ್ರೀ ಆಪ್ ವಿಚಾರ. ನನ್ನ ಕೇಳಿದರೆ ಬೇಡ. ಇವತ್ತು ಫ್ರೀ ಅನ್ನುವವರು ನಾಳೆ ಏನನ್ನುತ್ತಾರೋ ಗೊತ್ತಿಲ್ಲ, ಹಿಂದೆ ಆಗಿದ್ದನ್ನಂತೂ ನೋಡಿದ್ದೇವೆ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ 15 ಜಿಬಿ ಫ್ರೀ ಕೊಡುತ್ತಿತ್ತು, 2016ರಲ್ಲಿ 5ಕ್ಕೆ ಇಳಿಸಿತು. ಫ್ಲಿಕರ್ ಅನ್ನುವ ಫೋಟೋ ಸೈಟ್ 2013ರಲ್ಲಿ ಒಂದು ಟಿಬಿ, ಅಂದರೆ ಸುಮಾರು ಸಾವಿರ ಜಿಬಿ, ಫ್ರೀ ಅಂದಿತು. 2018ರಲ್ಲಿ ಸ್ಮಗ್‌ಮಗ್ ಅನ್ನುವ ಕಂಪನಿ ಅದನ್ನು ಕೊಂಡಿತು, ಅದೇ ವರ್ಷದ ನವೆಂಬರ್‌ನಲ್ಲಿ ಫ್ರೀ ಖಾತೆಗೆ ಸಾವಿರ ಫೋಟೋ ಮಾತ್ರ, ಜಾಸ್ತಿ ಇದ್ದರೆ ಹಳೆಯದನ್ನು ಅಳಿಸುತ್ತೇವೆ ಅಂದಿತು. ಫೋಟೋಬಕೆಟ್ ಕಥೆ ಇನ್ನೂ ಜೋರು. ಅಲ್ಲಿ ಫೋಟೋ ಇಟ್ಟು ಬೇರೆ ವೆಬ್‌ಸೈಟ್‌ಗಳಲ್ಲಿ ತೋರಿಸುವ ರೂಢಿ ಇತ್ತು. 2017ರ ಬೇಸಿಗೆಯಲ್ಲಿ ಅದಕ್ಕೆ ವರ್ಷಕ್ಕೆ 399 ಡಾಲರ್ ಕೇಳಿದರು. ರಾತ್ರೋರಾತ್ರಿ ಎಷ್ಟೋ ಸೈಟ್‌ಗಳಲ್ಲಿ ಫೋಟೋ ಇದ್ದ ಜಾಗದಲ್ಲಿ ದುಡ್ಡು ಕಟ್ಟಿ ಅನ್ನುವ ಚಿತ್ರ ಬಂದು ಕೂತಿತು. ಗಾಡಿ ರಿಪೇರಿ ಮಾಡುವುದನ್ನು ಹಂತ ಹಂತವಾಗಿ ತೋರಿಸಿದ್ದ ಪುಟಗಳಲ್ಲಿ ಬರೀ ಮಾತು ಉಳಿಯಿತು.

ನನ್ನ ಕಾಲೇಜು ಟ್ರಿಪ್ಪಿನ ಫೋಟೋಗಳೂ ಹೀಗೇ ಒಂದು ಫ್ರೀ ಸೈಟಿನಲ್ಲಿದ್ದವು. ಮುಚ್ಚುತ್ತೇವೆ ಅಂತ ಅವರು ಮೇಲ್ ಕಳಿಸಿದ್ದರು, ಪಾಪ. ಅದು ನಾನು ತೆರೆಯುವುದನ್ನೇ ಬಿಟ್ಟಿದ್ದ ಹಳೇ ಮೇಲ್ ಐಡಿಗೆ ಹೋಗಿತ್ತು. ಕುದುರೆಮುಖ ಹತ್ತಿದ್ದಕ್ಕೆ ಈಗ ನನ್ನ ಹತ್ತಿರ ಸಾಕ್ಷಿಯೇ ಇಲ್ಲ.

ಇವರನ್ನೆಲ್ಲ ಬೈಯುವುದಕ್ಕೂ ನನಗೆ ಮನಸ್ಸಿಲ್ಲ. ನಿಯಮ ಬದಲಿಸಿದಾಗ ಗೂಗಲ್ ಒಂದು ಲೆಕ್ಕ ಕೊಟ್ಟಿತ್ತು: ವಾರಕ್ಕೆ 2,800 ಕೋಟಿ ಹೊಸ ಫೋಟೋ, ವಿಡಿಯೋ ಬರುತ್ತಿವೆ ಅಂತ. ಅದನ್ನೆಲ್ಲ ಇಡುವ ಡಿಸ್ಕಿಗೆ, ಕರೆಂಟಿಗೆ ಯಾರಾದರೂ ದುಡ್ಡು ಕೊಡಬೇಕಲ್ವಾ? ಬೇಜಾರು ಆಗುವುದು ಬೇರೆ ಕಾರಣಕ್ಕೆ. ಐದಾರು ವರ್ಷ ಫ್ರೀ ಅಂತ ರೂಢಿ ಮಾಡಿಸಿ, ಎಲ್ಲ ಅಲ್ಲೇ ಸೇರಿಕೊಂಡು ಹೊರಗೆ ತೆಗೆಯುವುದು ಕಷ್ಟ ಆದಮೇಲೆ ಬಿಲ್ ಕೊಡುತ್ತಾರೆ.

ಹಾಗಾಗಿ, ಕಸ ತೆಗೆದ ಮೇಲೂ ಜಾಗ ಸಾಲದಿದ್ದರೆ ದುಡ್ಡು ಕಟ್ಟಿ. ನಾನು ಕಟ್ಟುತ್ತಿದ್ದೇನೆ. 100 ಜಿಬಿಗೆ ತಿಂಗಳಿಗೆ 130, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 1,300 ರೂಪಾಯಿ. ಮನೆಯ ಇನ್ನೂ ಐದು ಜನರ ಜೊತೆ ಆ ಜಾಗ ಹಂಚಿಕೊಳ್ಳಬಹುದು, ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಮ್ಮ, ತಂಗಿ ಎಲ್ಲ ನನ್ನದರಲ್ಲೇ ಇದ್ದಾರೆ.

ಆದರೆ ಇನ್ನೊಂದು ಪ್ರತಿ ನಿಮ್ಮ ಕೈಯಲ್ಲಿರಲಿ. 'ಗೂಗಲ್ ಟೇಕ್‌ಔಟ್'ಗೆ ಹೋಗಿ ಫೋಟೋಸ್ ಮಾತ್ರ ಆಯ್ದುಕೊಂಡರೆ ಎಲ್ಲವನ್ನೂ ಜಿಪ್ ಫೈಲ್ ಮಾಡಿ ಕೊಡುತ್ತಾರೆ. ಒಂದೊಂದು ಜಿಪ್ 2 ಜಿಬಿ ಇರಲಿ ಅಂತ ಆಯ್ದುಕೊಳ್ಳಿ, 50 ಜಿಬಿದು ಆಯ್ದುಕೊಂಡು ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಫೋಟೋಗಳ ಜೊತೆ ಜೇಸನ್ ಅನ್ನುವ ಪುಟ್ಟ ಫೈಲ್‌ಗಳು ಬರುತ್ತವೆ. ಕಸ ಅಂತ ಎಸೆಯಬೇಡಿ. ಆಪ್‌ನಲ್ಲಿ ನೀವು ತಿದ್ದಿದ ತಾರೀಖು, ಬರೆದ ಟಿಪ್ಪಣಿ ಅದರಲ್ಲಿರುತ್ತದೆ.

ನಮ್ಮ ಹಾರ್ಡ್ ಡಿಸ್ಕ್ ಊರಿನಲ್ಲಿ ಅಮ್ಮನ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ಕೆಳಗೆ. ಯುಗಾದಿಗೂ ದೀಪಾವಳಿಗೂ ಹೋದಾಗ ಹೊಸದನ್ನು ಸೇರಿಸಿ ಅಲ್ಲೇ ಇಟ್ಟು ಬರುತ್ತೇನೆ. ಸಂತೆಯ ಕತ್ತಲೆ ವಿಡಿಯೋ ಕೂಡ ಅದರಲ್ಲಿದೆ. ಅಳಿಸು ಅಂತ ಅಮ್ಮ ಹೇಳುತ್ತಲೇ ಇದ್ದಾರೆ.