ಬಾಲ್ಯದ ಕಂಪ್ಯೂಟರ್ ಹುಚ್ಚು, ಟಾರ್ಗೆಟ್ ನೌಕರಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರ 24ರ ಯುವತಿ, ‘ಸ’ ಎನ್ನೋಣ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ, ಮುಂದೆ ಬಿಸಿಎ. ಹೈಸ್ಕೂಲಿನ ಕಂಪ್ಯೂಟರ್ ಕೊಠಡಿಯ ಬೀಗದಕೈ ಸದಾ ಇವರ ಹತ್ತಿರವೇ ಇರುತ್ತಿತ್ತಂತೆ. ಪಾಠದ ಆ್ಯಪ್ ಮಾಡುವ ಕಂಪನಿ ಎಂದು ಆಸೆಯಿಂದ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದರು. ಹುದ್ದೆಯ ಹೆಸರು ‘ಅಕಾಡೆಮಿಕ್ ಕೌನ್ಸೆಲರ್’. ಕೆಲಸ ಮಾತ್ರ ಆ್ಯಪ್ ಮಾರಲು ದಿನವಿಡೀ ಪೋಷಕರಿಗೆ ಫೋನು, ತಿಂಗಳ ಕೊನೆಗೆ ಮಾರಾಟದ ಟಾರ್ಗೆಟ್. ಬಿಟ್ಟು ಊರಿಗೆ ಬಂದಿದ್ದಾರೆ. ನಿದ್ದೆ ಕಡಿಮೆಯಾಗಿದೆ, ಲ್ಯಾಪ್‌ಟಾಪ್ ತೆರೆದರೆ ಸಿಟ್ಟು ಬರುತ್ತದೆ. ಜೊತೆಗಿದ್ದ ತಂದೆಯ ಮಾತು: “ಹುಡುಗಿ ಶಾಣ್ಯಾ ಅದಾಳ್ರೀ. ಬಿ.ಎಡ್ ಮಾಡು, ಟಿಇಟಿ ಬರಿ ಅಂದ್ರ ಕೇಳವಲ್ಲಳು.”

ಮೊದಲು ನಿದ್ದೆ, ಊಟ, ಸಾವಿನ ಯೋಚನೆಗಳ ಬಗ್ಗೆ ನೇರವಾಗಿ ಕೇಳಿದೆವು. ಅಪಾಯದ ಲಕ್ಷಣ ಇರಲಿಲ್ಲ. ನಿದ್ದೆಯ ತೊಂದರೆ ಎರಡು ವಾರ ದಾಟಿದರೆ ವೈದ್ಯರನ್ನು ಕಾಣಬೇಕು, ರಾತ್ರಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು ಎಂದು ಹೇಳಿದೆವು. ವೃತ್ತಿಯ ಮಾತು ಆಮೇಲೆ.

“ನಿಮಗೇನು ಇಷ್ಟ?” ಎಂದರೆ ಇಂಥವರೆಲ್ಲ “ಕಂಪ್ಯೂಟರ್” ಎಂದೇ ಹೇಳುತ್ತಾರೆ, ಅದರಿಂದ ಏನೂ ತಿಳಿಯದು. ಹಾಗಾಗಿ, ಆ ಕೊಠಡಿಯಲ್ಲಿ ಒಂದು ಗಂಟೆ ಸಿಕ್ಕರೆ ಕೈ ಯಾವ ಕೆಲಸಕ್ಕೆ ಹೋಗುತ್ತಿತ್ತು ಎಂದು ಕೇಳಿದೆವು. ಯಂತ್ರ ಬಿಚ್ಚುವುದರಲ್ಲಿ ಇವರಿಗೆ ಆಸಕ್ತಿ ಇರಲಿಲ್ಲ. ಕೋಡ್ ಬರುತ್ತದೆ, ಆದರೆ ಎರಡು ತಾಸಿಗೆ ಬೇಸರ. ವಿಜ್ಞಾನದ ಮೇಷ್ಟ್ರಿಗೆ ಕಣ್ಣಿನ ರಚನೆಯ ಸ್ಲೈಡು ಮಾಡಿಕೊಟ್ಟದ್ದು, ಹಿಂದಿನ ಬೆಂಚಿನವರಿಗೆ ಅರ್ಥವಾಗದ ಚಿತ್ರವನ್ನು ಮತ್ತೆ ಮತ್ತೆ ತಿದ್ದಿದ್ದು ಹೇಳುವಾಗ ದನಿಯೇ ಬದಲಾಯಿತು. ಆ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಇನ್‌ಸ್ಟ್ರಕ್ಷನಲ್ ಡಿಸೈನರ್, ಅಂದರೆ ಪಾಠದ ವಿನ್ಯಾಸಕರು, ಎಂಬ ಹುದ್ದೆಯಿದೆ. ಇದೇ ಡಿಜಿಟಲ್ ಪಾಠಗಳ ಕ್ಷೇತ್ರದಲ್ಲಿ ಕೋಡ್ ಬರೆಯುವವರು, ಮೂಡಲ್‌ನಂಥ ಕಲಿಕಾ ವ್ಯವಸ್ಥೆ ನೋಡಿಕೊಳ್ಳುವವರು, ಶಿಕ್ಷಕರಿಗೆ ತರಬೇತಿ ಕೊಡುವವರು, ಮಾರುವವರು ಎಲ್ಲ ಬೇರೆಬೇರೆ. ‘ಸ’ ಕಂಡದ್ದು ಮಾರುವ ತುದಿಯನ್ನು ಮಾತ್ರ.

ಸಾವಿರಾರು ರೂಪಾಯಿಯ ಸರ್ಟಿಫಿಕೇಟ್ ಕೋರ್ಸ್ ಸೇರುವ ತರಾತುರಿ ಇತ್ತು, ತಡೆದೆವು. ಬದಲಿಗೆ ಒಂದೇ ಒಂದು ಪಾಠ ಮಾಡಿ ತರಲು ಹೇಳಿದೆವು: ಐದನೇ ತರಗತಿ, ಭಿನ್ನರಾಶಿಗಳ ಹೋಲಿಕೆ, ಹೆಚ್ಚೆಂದರೆ ಏಳು ನಿಮಿಷ. ಮೊದಲು ಕಾಗದದ ಮೇಲೆ ನಾಲ್ಕು ಕಾಲಂ: ಪರದೆಯ ಸಂಖ್ಯೆ, ಕಾಣುವುದು, ಕೇಳುವುದು, ಮಗು ಮಾಡಬೇಕಾದ್ದು. ಕೊನೆಯ ಕಾಲಂ ಸತತ ಮೂರು ಪರದೆ ಖಾಲಿ ಉಳಿದರೆ ಅದು ಪಾಠವಲ್ಲ, ಭಾಷಣ.

ಪಾಠದೊಳಗಿನ ಬಹುಆಯ್ಕೆ ಪ್ರಶ್ನೆಗಳಲ್ಲೇ ಹೊಸಬರು ಎಡವುವುದು. ತಪ್ಪು ಉತ್ತರಗಳನ್ನು ಸುಮ್ಮನೆ ತುಂಬಿಸುತ್ತಾರೆ. 1/3, 1/4ರಲ್ಲಿ ಯಾವುದು ದೊಡ್ಡದು ಎಂದರೆ ಮಗು 1/4 ಎನ್ನುವುದು ಮೂರಕ್ಕಿಂತ ನಾಲ್ಕು ದೊಡ್ಡದೆಂಬ ಲೆಕ್ಕದಿಂದ. 2/3, 3/4 ಕೊಟ್ಟರೆ “ಎರಡೂ ಸಮ” ಎನ್ನುವ ಮಕ್ಕಳಿದ್ದಾರೆ: ಎರಡರಲ್ಲೂ ಒಂದೊಂದು ತುಂಡು ಕಡಿಮೆ ತಾನೇ! ಆ ಆಯ್ಕೆ ಪಟ್ಟಿಯಲ್ಲಿ ಇಲ್ಲದಿದ್ದರೆ ಈ ಗೊಂದಲ ಹೊರಗೆ ಬರುವುದೇ ಇಲ್ಲ. ಒತ್ತಿದಾಗ ಬರಿಯ “ತಪ್ಪು” ಎನ್ನದೆ, ಒಂದೇ ಅಳತೆಯ ಎರಡು ರೊಟ್ಟಿಯಲ್ಲಿ ಕಡಿಮೆಯಿರುವ ತುಂಡುಗಳನ್ನು ಪಕ್ಕಪಕ್ಕ ತೋರಿಸಬೇಕು.

ಪರಿಕರ ಉಚಿತವಾದದ್ದೇ ಸಾಕು. ಲುಮಿ ಎಂಬ ತಂತ್ರಾಂಶದಲ್ಲಿ ಎಚ್‌5ಪಿ (ಮಗು ಒತ್ತಿ ಉತ್ತರಿಸುವಂಥ ಪಾಠಗಳ ಮಾದರಿ) ಪಾಠ ಕಟ್ಟಿ ಒಂದೇ ಎಚ್‌ಟಿಎಂಎಲ್ ಕಡತವಾಗಿ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಮನೆಯಲ್ಲಿರುವ ಅತಿ ಹಳೆಯ ಮೊಬೈಲಿನಲ್ಲಿ, ಡೇಟಾ ಆಫ್ ಮಾಡಿ ನೋಡಬೇಕು.

ಕನ್ನಡದ ಪಠ್ಯಕ್ಕೆ ಒಂದು ಎಚ್ಚರಿಕೆ. ನುಡಿ ತಂತ್ರಾಂಶದ ಹಳೆಯ ಫಾಂಟಿನ ಕಡತದಿಂದ ನೇರ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಆಮೇಲೂ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಈ ಅದಲುಬದಲು ಮಾಡದಿದ್ದರೆ ‘ವರ್ಗ’ ಕೆಡುತ್ತದೆ.

ಎರಡನೇ ಭೇಟಿಗೆ ಪಾಠ ತಂದರು. ನೆರೆಮನೆಯ ಮಕ್ಕಳಿಗೆ ಕೊಟ್ಟು, ಬಾಯಿ ಮುಚ್ಚಿ ಪಕ್ಕದಲ್ಲಿ ಕೂರಲು ಹೇಳಿದ್ದೆವು. ಇದೇ ಕಷ್ಟದ ಭಾಗ, ಕಲಿಸುವ ಹುರುಪಿನವರಿಗೆ ಸುಮ್ಮನಿರಲು ಆಗುವುದಿಲ್ಲ. ಮಕ್ಕಳು ಗುಂಡಿ ಬಿಟ್ಟು ರೊಟ್ಟಿಯ ಚಿತ್ರವನ್ನೇ ಒತ್ತಿದ್ದರು. ಚಿತ್ರವನ್ನೇ ಗುಂಡಿ ಮಾಡಿದ್ದೇನೆ ಎಂದರು ‘ಸ’, ನಾವು ಹೇಳುವ ಮೊದಲೇ. ನಿದ್ದೆಯೂ ಸುಧಾರಿಸಿತ್ತು.

ತಂದೆಯ ಬಿ.ಎಡ್ ಸಲಹೆಯನ್ನು ನಾವು ತಳ್ಳಿಹಾಕಲಿಲ್ಲ. ಎರಡು ವರ್ಷದ ಬಿ.ಎಡ್‌ನಲ್ಲಿ 20 ವಾರ ಶಾಲೆಯ ಒಡನಾಟ ಇರುತ್ತದೆ. ತರಗತಿಯನ್ನೇ ಕಾಣದ ಡಿಸೈನರ್‌ಗಿಂತ ಅದನ್ನು ಕಂಡವರ ಪಾಠ ಗಟ್ಟಿ. ಆದರೆ ಈಗಲೇ ಅಲ್ಲ. ಆರು ತಿಂಗಳು ಕೆಲಸದ ಹುಡುಕಾಟಕ್ಕೆ, ಆಗದಿದ್ದರೆ ಮುಂದಿನ ಪ್ರವೇಶಕ್ಕೆ ಅರ್ಜಿ ಎಂದು ಅಪ್ಪ ಮಗಳು ನಮ್ಮೆದುರೇ ಒಪ್ಪಿಕೊಂಡರು. ಅಲ್ಲಿಯತನಕ ಮದುವೆ ಮಾತು ಎತ್ತಬಾರದು ಎಂಬುದು ಮಗಳು ಸೇರಿಸಿದ ಷರತ್ತು.

ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೇಳಲು ಮೂರು ಪ್ರಶ್ನೆ ಬರೆದುಕೊಟ್ಟೆವು: ದಿನಕ್ಕೆ ಎಷ್ಟು ಕರೆ ಮಾಡಬೇಕು? ಸಂಬಳದಲ್ಲಿ ಇನ್ಸೆಂಟಿವ್ ಎಷ್ಟು ಪಾಲು? ನಾನು ಮಾಡಿದ ಪಾಠವನ್ನು ಮಕ್ಕಳ ಎದುರು ಪರೀಕ್ಷಿಸುವವರು ಯಾರು? ಮೂರನೆಯದಕ್ಕೆ ತಡಬಡಾಯಿಸಿದರೆ, ಇತ್ತೀಚೆಗೆ ಮಾಡಿದ ಒಂದು ಪಾಠ ತೋರಿಸಿ ಎಂದು ಕೇಳಬೇಕು.