ಟಿಬಿ ವಾರ್ಡಿಗೆ ಸರ್ಜಿಕಲ್ ಮಾಸ್ಕ್ ಸಾಕಾ?
ಚಿಕ್ಕಮಗಳೂರಿನಲ್ಲಿ ನರ್ಸ್ ಆಗಿರುವ ನೀವು, ಟಿಬಿ ರೋಗಿಗಳ ಹತ್ತಿರ ಹೋಗಲು ಸರ್ಜಿಕಲ್ ಮಾಸ್ಕ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅದನ್ನು ಕೆಮ್ಮುವ ರೋಗಿಗೆ ಹಾಕಿಸಿ, ನಿಮಗೆ ಎನ್95 ಬೇಕು. ಮೂಗಿನ ಪಟ್ಟಿ ಒತ್ತಿ, ಜೋರಾಗಿ ಉಸಿರು ಬಿಟ್ಟು ನೋಡಿ. ಅಂಚಿನಲ್ಲಿ ಗಾಳಿ ಸೋರಿದರೆ ಹಾಕಿಯೂ ಹಾಕದ ಹಾಗೆ. (ಗಡ್ಡದವರಿಗೆ ಇದೇ ತಾಪತ್ರಯ.)

ಆದರೆ ನನ್ನ ಪ್ರಕಾರ ಮಾಸ್ಕಿಗಿಂತ ಮೊದಲು ಕಿಟಕಿ. ಟಿಬಿ ರೋಗಾಣು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ನಮ್ಮಲ್ಲಿ ಮಳೆಗಾಲ ಬಂದರೆ ಇರಚಲು, ಚಳಿ ಅಂತ ಎಲ್ಲ ಮುಚ್ಚಿಬಿಡುತ್ತಾರೆ ಅಲ್ವಾ? ಇರಚಲು ಹೊಡೆಯದ ಕಿಟಕಿಗಳನ್ನಾದರೂ ತೆರೆಸಿ, ರೋಗಿಗೆ ಇನ್ನೊಂದು ಕಂಬಳಿ ಕೊಡಿಸಿ. ಗಾಳಿ ನಿಮ್ಮ ಬೆನ್ನಿನಿಂದ ರೋಗಿಯತ್ತ ಹೋಗುವಂತೆ ನಿಲ್ಲಿ. ಕಫದ ಸ್ಯಾಂಪಲ್ ಬಾತ್‌ರೂಮಿನಲ್ಲಿ ಬೇಡ, ಹೊರಗೆ ಬಯಲಲ್ಲಿ ತೆಗೆಸಿ. ನಿಮಗೇ ಎರಡು ವಾರ ಕೆಮ್ಮು ನಿಲ್ಲದಿದ್ದರೆ ಸುಮ್ನೆ ಕೂರಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ.