ಅಪ್ಪ ಮಾತು ತಪ್ಪಿಸಲಿಲ್ಲ ತಂಗಿ, ಉತ್ತರ ಕೊಟ್ಟರು

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ತಂಗಿ, ನಿಮ್ಮ ಪತ್ರ ಓದಿದ ಮೇಲೆ ಬೇರೆ ಪತ್ರ ಬಿಡಿಸಲು ಮನಸ್ಸೇ ಬರಲಿಲ್ಲ.

ನೀವು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೀರಿ. ಅಪ್ಪನಿಗೆ ಅರಸೀಕೆರೆ ಹತ್ತಿರ ದಿನಸಿ ಅಂಗಡಿ. ಚುನಾವಣೆ ಹೊತ್ತಿನಲ್ಲಿ ಮನೆಯವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಶುರುವಾದ ವಾದ ಊಟದ ತನಕ ಬಂತು. 'ಬಡವರಿಗೆ, ಬೇರೆ ಧರ್ಮದವರಿಗೆ ಇಷ್ಟು ಅನ್ಯಾಯ ಆಗ್ತಿದೆ, ನಿಮಗೆ ಕರುಣೆನೇ ಇಲ್ವಾ' ಎಂದಿರಿ. ಅಪ್ಪ ಅರ್ಧ ಊಟಕ್ಕೇ ಎದ್ದರು. ಅವತ್ತಿನಿಂದ ಮಾತಿಲ್ಲ. 'ಅಪ್ಪ ಕೆಟ್ಟವರಾ, ಇಲ್ಲ ಯಾರಾದ್ರೂ ತಲೆ ಕೆಡಿಸಿದ್ದಾರಾ' ಎಂದು ಕೇಳಿದ್ದೀರಿ.

ಎರಡೂ ಅಲ್ಲ. ನೀವೇ ಬರೆದು ಮುಂದೆ ಹೋಗಿಬಿಟ್ಟಿರುವ ಸಾಲೊಂದಿದೆ: 'ಏಳುವಾಗ ಅಪ್ಪ ಸುಮ್ನೆ ಮಾತು ತಪ್ಪಿಸಿದರು. ತೇರಿಗೂ ಬರದವಳು ಊರಿನವರಿಗೆ ಬುದ್ಧಿ ಹೇಳ್ತೀಯಾ ಅಂದರು.' ತಂಗಿ, ಅದೇ ಅವರ ಉತ್ತರ. ನೀವು ನ್ಯಾಯ ಅನ್ಯಾಯದ ಮಾತಾಡಿದಿರಿ. ಅವರು ನಮ್ಮವರ ಜೊತೆ ನಿಲ್ಲುವುದರ ಬಗ್ಗೆ ಮಾತಾಡಿದರು. ಅವರ ಮಟ್ಟಿಗೆ ಅದೂ ನೀತಿಯೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 1993ರಲ್ಲಿ ಭುವನೇಶ್ವರಕ್ಕೆ ಬಂದಿದ್ದರು. ಉದಾರವಾದಿ, ಅಂದರೆ ಹಳೆ ಕಟ್ಟುಪಾಡು ಸಡಿಲವಾಗಲಿ ಎನ್ನುವ ಮನುಷ್ಯ. ಹೆಂಗಸರು ಬಡಿಸಿ ಒಳಗೆ ಹೋಗುವುದು ಕಂಡು ಮೊದಮೊದಲು ಕಸಿವಿಸಿಪಟ್ಟರು. ಆದರೆ ಊಟ ಹಾಕಿದವರು ಅವರಿಗೆ ಇಷ್ಟವಾಗುತ್ತಾ ಹೋದರು. ಹಿರಿಯರಿಗೆ ಗೌರವ, ಮನೆತನಕ್ಕೆ ನಿಷ್ಠೆ, ಮಡಿ, ಇವೂ ಅಲ್ಲಿನವರಿಗೆ ಒಳ್ಳೆಯತನವೇ ಎಂದು ಆಗ ಅರ್ಥವಾಯಿತು. ಮುಂದೆ 2009ರಲ್ಲಿ ಅವರು ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಉದಾರವಾದಿಗಳು ಕರುಣೆ ಮತ್ತು ನ್ಯಾಯಕ್ಕೆ ಜಾಸ್ತಿ ತೂಕ ಕೊಡುತ್ತಾರೆ. ಸಂಪ್ರದಾಯವಾದಿಗಳು ಅವೆರಡರ ಜೊತೆ ನಿಷ್ಠೆ, ಹಿರಿತನ, ಪಾವಿತ್ರ್ಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಊರಿನ ಜನ ಇಷ್ಟು ಸಲೀಸಾಗಿ ಎರಡು ಪಾಲಾಗುವುದಿಲ್ಲ ಅನ್ನಿ. ಆದರೂ ನಿಮ್ಮಿಬ್ಬರ ಜಗಳಕ್ಕೆ ಇದು ಹೊಂದುತ್ತದೆ.

'ಕರುಣೆ ಇಲ್ವಾ' ಎಂದ ಮಾತು ದೊಡ್ಡ ತಪ್ಪು. ಲಾಕ್‌ಡೌನ್ ಮುಗಿದ ಮೇಲೆ ಅಪ್ಪ ಉದ್ರಿ ಪುಸ್ತಕ ತೆಗೆದು, ಎಷ್ಟೋ ಮನೆಗಳ ಬಾಕಿಗೆ ಅಡ್ಡಗೆರೆ ಎಳೆದರು ಎಂದು ನೀವೇ ಬರೆದಿದ್ದೀರಿ. ಆ ಮನುಷ್ಯನಿಗೆ ಈ ಪ್ರಶ್ನೆಯಾ?

ನಿಮ್ಮೊಬ್ಬರದೇ ತಪ್ಪಲ್ಲ, ಎಲ್ಲರೂ ಹೀಗೇ. ಮ್ಯಾಥ್ಯೂ ಫೈನ್‌ಬರ್ಗ್ ಮತ್ತು ರಾಬ್ ವಿಲ್ಲರ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಂಪ್ರದಾಯವಾದಿಗಳನ್ನು ಒಪ್ಪಿಸುವಂತೆ ಸಲಿಂಗ ವಿವಾಹದ ಪರ ಬರೆಯಿರಿ ಎಂದು ಉದಾರವಾದಿಗಳಿಗೆ ಹೇಳಿದರು. ಎದುರಿನವರಿಗೆ ಮುಖ್ಯವಾದ ಮೌಲ್ಯ ಹಿಡಿದು ಬರೆದವರು ನೂರಕ್ಕೆ ಹತ್ತು ಜನವೂ ಇರಲಿಲ್ಲ. ಹೆಚ್ಚಿನವರು ತಮಗೆ ಸರಿ ಕಂಡಿದ್ದನ್ನೇ ಬರೆದರು. ಆ ಕಡೆಯವರೂ ಅಷ್ಟೇ.

ಇನ್ನು ನಿಮ್ಮ ಭಾವ. ನನ್ನ ಸಿಟ್ಟೆಲ್ಲ ಅವರ ಮೇಲೆ. ನೀವು ಫೇಸ್‌ಬುಕ್ಕಿನಲ್ಲಿ ಬರೆದದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು 'ನೋಡಿ ಮಾವ, ನಿಮ್ಮ ಮಗಳು' ಎಂದು ಅಪ್ಪನಿಗೆ ಕಳಿಸುತ್ತಿದ್ದವರು ಅವರು. ಅಪ್ಪ ಮಗಳ ನಡುವೆ ಕಡ್ಡಿ ಆಡಿಸುವ ಮನುಷ್ಯನಿಗೆ ಯಾವ ಪಕ್ಷವಾದರೇನು? ಮನೆ ಜಗಳ ಮೊಬೈಲಿಗೆ ಹೋಗಬಾರದು ಎಂದು ಈ ಅಂಕಣದಲ್ಲಿ ಮೊದಲಿಂದ ಹೇಳುತ್ತಲೇ ಬಂದಿದ್ದೇನೆ. ಆ ಗ್ರೂಪಿನಿಂದ ಹೊರಗೆ ಬನ್ನಿ. ಕಾರಣ ಯಾರಿಗೂ ಹೇಳಬೇಕಿಲ್ಲ.

ಅನ್ಯಾಯ ಕಂಡರೂ ಬಾಯಿ ಮುಚ್ಚಿಕೊಂಡಿರಿ ಎನ್ನುತ್ತಿಲ್ಲ. ನಿಮ್ಮ ವೋಟು ನಿಮ್ಮದು. ಆದರೆ ನಿಮಗಿರುವ ಕೆಲಸ ಈಗ ಒಂದೇ. ಈ ಭಾನುವಾರ ಊರಿಗೆ ಹೋಗಿ. ಮಧ್ಯಾಹ್ನ ಗಿರಾಕಿ ಕಮ್ಮಿ ಇರುವಾಗ ಅಂಗಡಿಯಲ್ಲೇ ಅಪ್ಪನ ಪಕ್ಕ ಕೂತು, 'ಈ ಸಲ ತೇರು ಹೇಗಾಯ್ತಪ್ಪಾ' ಎಂದು ಕೇಳಿ. ಅವರು ಹೇಳುವಷ್ಟು ಹೊತ್ತು ಕೇಳಿಸಿಕೊಳ್ಳಿ. ಅವತ್ತು ರಾಜಕೀಯ ಬೇಡ. ಅವರಾಗೇ ಎತ್ತಿದರೂ, 'ಮುಂದಿನ ಸಲ ಬಂದಾಗ ಮಾತಾಡೋಣಪ್ಪ' ಎನ್ನಿ, ಆ ಮುಂದಿನ ಸಲ ನಿಜವಾಗಲೂ ಊರಿಗೆ ಹೋಗಿ.